ಮನಸ್ಸಿನ ಭಾರಕ್ಕೆ ಕಂಸಾಳೆ: ಕೊಳ್ಳೇಗಾಲ, ಹನೂರು, ಯಳಂದೂರಿನ ಒಂದು ಚರಿತ್ರೆ

ಕೇಳೋಕೆ ಪುರುಸೊತ್ತಿಲ್ಲದವರಿಗೆ, ಕೇಳಿದ ಮೇಲೂ ಒಮ್ಮೆ ಓದಬೇಕು ಅನ್ನಿಸಿದವರಿಗೆ ಇದು ಬರಹ ರೂಪ. ಮಾತಿನ ಧಾಟಿಯನ್ನ ಆದಷ್ಟು ಹಾಗೇ ಉಳಿಸಿಕೊಂಡಿದ್ದೀನಿ.

ನಮ್ಮ ಕಡೆ, ಅಂದ್ರೆ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೇಲಿ, 'ಮಾನಸಿಕ ಆರೋಗ್ಯ' ಅನ್ನೋ ಪದ ಆಸ್ಪತ್ರೆ ಗೋಡೆ ಮೇಲೆ ಕಾಣುತ್ತೆ, ಮನೆಮಾತಲ್ಲಿ ಸಿಗಲ್ಲ. ಹಾಗಂತ ಆ ವಿಷಯಕ್ಕೆ ನಮ್ಮಲ್ಲಿ ಮಾತೇ ಇಲ್ಲ ಅಂತಲ್ಲ. 'ಯಾಕೋ ಮನ್ಸೇ ಸರಿಯಿಲ್ಲ ಕನಾ' ಅಂತಾರೆ. 'ಎದೆ ಭಾರ' ಅಂತಾರೆ, 'ಹೊಟ್ಟೆ ಒಳಗೆ ಸಂಕಟ' ಅಂತಾರೆ, 'ಮಂಕು ಕವಿದಂಗದೆ' ಅಂತಾರೆ. ಹೇಳೋರಿಗೆ ಪದಗಳಿವೆ. ಕೇಳೋರ ಹತ್ರ ಮಾತ್ರ ಬಹಳ ಸಲ ಒಂದೇ ಉತ್ತರ: 'ಬುಡು, ಎಲ್ಲಾ ಸರಿಹೋಯ್ತದೆ.'

ಈಗ ಇದಕ್ಕೊಂದು ಹೊಸ ಸಲಹೆ ಸೇರಿಕೊಂಡಿದೆ. ಬೇಜಾರಾದ್ರೆ ಚಿತ್ರ ಬರಿ, ಡೈರಿ ಬರಿ, ಹಾಡು ಕಲಿ, ಏನಾದ್ರೂ ಕೈಯಲ್ಲಿ ಮಾಡು. ಮೊಬೈಲ್ ತೆಗೆದ್ರೆ ದಿನಕ್ಕೆ ಹತ್ತು ವಿಡಿಯೊ ಇದನ್ನೇ ಹೇಳ್ತವೆ. ಸಲಹೆ ತಪ್ಪೇನಲ್ಲ. ಆದರೆ ಇದು ಎಲ್ಲೋ ಹೊರದೇಶದಲ್ಲಿ ಕಂಡುಹಿಡಿದು ನಮಗೆ ಪಾರ್ಸಲ್ ಬಂದ ವಿದ್ಯೆ ಅನ್ನೋ ಹಾಗೆ ಹೇಳ್ತಾರಲ್ಲ, ಅದರ ಬಗ್ಗೆ ನನಗೆ ತಕರಾರಿದೆ. ಈ ಮೂರು ತಾಲ್ಲೂಕುಗಳು ದುಃಖವನ್ನ ಹಾಡು ಮಾಡೋ ಕೆಲಸವನ್ನ ನೂರಾರು ವರ್ಷದಿಂದ ಮಾಡ್ತಾ ಬಂದಿವೆ. ಅದು ಹೇಗೆ ನಡೀತು, ಯಾವ ದುಃಖಕ್ಕೆ ನಡೀತು, ಎಲ್ಲಿ ಸೋತಿತು ಅನ್ನೋದೇ ಇವತ್ತಿನ ವಿಷಯ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ, ಮನಶ್ಶಾಸ್ತ್ರ ಓದಿದವನೂ ಅಲ್ಲ. ಓದಿದ್ದು ಬಿಕಾಂ. ಜಮಾ-ಖರ್ಚು ಬರೆಯೋಕೆ ಬರುತ್ತೆ. ಅದೇ ಕಣ್ಣಲ್ಲಿ ಈ ಚರಿತ್ರೆಯನ್ನೂ ನೋಡ್ತೀನಿ.

ಸಂಕಮ್ಮನಿಂದ ಶುರು ಮಾಡೋಣ.

ಮಲೆ ಮಹದೇಶ್ವರನ ಕಾವ್ಯ ಗೊತ್ತಲ್ಲ? ಹನೂರು ತಾಲ್ಲೂಕಿನ ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪನ ಕಥೆ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡೋದು. ಆ ಕಾವ್ಯಕ್ಕೆ ಅಧ್ಯಾಯ ಅನ್ನಲ್ಲ, 'ಸಾಲು' ಅಂತಾರೆ. ಶ್ರವಣದೈತ್ಯನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಇವುಗಳಲ್ಲಿ ಜನ ಕೇಳಿ ಕೇಳಿ ಹಾಡಿಸೋದು ಸಂಕಮ್ಮನ ಸಾಲು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಸಂಕಮ್ಮ ಸೋಲಿಗರ ನೀಲೇಗೌಡನ ಹೆಂಡತಿ. ಮಕ್ಕಳಿಲ್ಲ. ಗಂಡ ಕಾಡಿಗೆ ಹೊರಟಿದ್ದಾನೆ, ಬರೋದು ಬಹಳ ದಿನ ಆಗುತ್ತೆ. ಹೋಗೋ ಮುಂಚೆ ಅವನಿಗೊಂದು ಅನುಮಾನ. 'ನಾನಿಲ್ಲದಾಗ ನೀನು ಸರಿಯಾಗಿರ್ತೀಯ ಅಂತ ಬಲಗೈ ಭಾಷೆ ಕೊಡು' ಅಂತಾನೆ. ಸಂಕಮ್ಮ ಕೊಡಲ್ಲ. ತಪ್ಪು ಮಾಡೋ ಉದ್ದೇಶ ಇದ್ದು ಕೊಡದೇ ಇರೋದಲ್ಲ, ಆ ಭಾಷೆ ಕೇಳೋದೇ ಅವಮಾನ ಅಂತ ಕೊಡಲ್ಲ. ಆಮೇಲೆ ಅವನು ಅವಳಿಗೆ ಕೊಡೋ ಹಿಂಸೆ ಇದೆಯಲ್ಲ, ಅದನ್ನ ಹಾಡುಗಾರರು ಒಂದೊಂದಾಗಿ, ಬಿಡಿಸಿ ಬಿಡಿಸಿ ಹಾಡ್ತಾರೆ. ಕೊನೆಗೆ ಮಾಟ-ಮಂತ್ರದಿಂದ ಕಟ್ಟುಹಾಕಿ, ಒಬ್ಬಳನ್ನೇ ಬಿಟ್ಟು ಹೊರಟುಹೋಗ್ತಾನೆ. ಅವಳ ಮೊರೆ ಮಾದಪ್ಪನಿಗೆ ಕೇಳುತ್ತೆ. ಜಂಗಮನ ವೇಷದಲ್ಲಿ ಬಂದು ಬಿಡಿಸ್ತಾನೆ, ಇಬ್ಬರು ಮಕ್ಕಳ ವರ ಕೊಡ್ತಾನೆ. ಅವರೇ ಕಾರಯ್ಯ, ಬಿಲ್ಲಯ್ಯ.

ಈಗ ಯೋಚನೆ ಮಾಡಿ. ಅನುಮಾನದ ಗಂಡ, ಮಕ್ಕಳಿಲ್ಲ ಅನ್ನೋ ಊರ ಮಾತು, ಒಂಟಿ ಮನೆ. ಕೇಳೋಕೆ ಕೂತ ಹೆಂಗಸರಲ್ಲಿ ಎಷ್ಟು ಜನಕ್ಕೆ ಇದು ದೇವರ ಕಥೆ, ಎಷ್ಟು ಜನಕ್ಕೆ ಸ್ವಂತ ಕಥೆ? ತನ್ನ ಮನೇಲಿ ಹೀಗಾಗ್ತಿದೆ ಅಂತ ಅತ್ತೆ ಮುಂದೆ, ಅಕ್ಕಪಕ್ಕದವರ ಮುಂದೆ ಬಾಯಿ ಬಿಡೋಕೆ ಆಗದವಳು, ಸಂಕಮ್ಮನಿಗೆ ಅಂತ ಹೇಳಿ ನಾಲ್ಕು ಜನರ ನಡುವೆ ಕೂತು ಅಳಬಹುದು. ಯಾರೂ ಯಾಕಮ್ಮ ಅಳ್ತೀಯ ಅಂತ ಕೇಳಲ್ಲ. ಕಥೆಗೆ ಅಳ್ತಿದ್ದಾಳೆ ಅಷ್ಟೇ.

ಹಾಡೋ ಕ್ರಮವನ್ನೂ ನೋಡಿ. ಕಂಸಾಳೆ ಅಂದ್ರೆ ಕಂಚಿನ ಜೋಡಿ ತಾಳ. ಒಂದು ಬಟ್ಟಲಿನ ಆಕಾರ, ಇನ್ನೊಂದು ಚಪ್ಪಟೆ. ಮುಖ್ಯ ಹಾಡುಗಾರ ಕಥೆ ನಡೆಸ್ತಾನೆ. ಪಕ್ಕದಲ್ಲಿ ದಮ್ಮಡಿ, ಏಕತಾರಿ ಹಿಡಿದ ಹಿಮ್ಮೇಳದವರು ಸೊಲ್ಲು ಹಿಡೀತಾರೆ. ಹಾಡಿನ ನಡುವೆ ಮಾತು ಬಂದಾಗ, ಹಿಮ್ಮೇಳದವನು 'ಹ್ಞೂಂ' ಅಂತಾನೆ, 'ಆಮೇಲೆ?' ಅಂತಾನೆ. ಅಂದ್ರೆ ಕಷ್ಟ ಹೇಳುವಾಗ ಒಬ್ಬ ಕೇಳ್ತಾ ಇರಲೇಬೇಕು ಅನ್ನೋದು ಈ ಕಲೆಯ ರಚನೆಯಲ್ಲೇ ಇದೆ. 'ಬುಡು, ಸರಿಹೋಯ್ತದೆ' ಅನ್ನೋ ಹಿಮ್ಮೇಳ ಇಲ್ಲ. ಇವತ್ತಿನ ಆಪ್ತಸಮಾಲೋಚಕರಿಗೆ ಮೊದಲು ಕಲಿಸೋ ಪಾಠ ಕೂಡ ಇದೇ: ಉಪದೇಶ ಬೇಡ, ಮೊದಲು ಕೇಳಿ.

ಈ ಕಾವ್ಯ ಪುಸ್ತಕಕ್ಕೆ ಬಂದದ್ದು ತಡವಾಗಿ. ಪಿ.ಕೆ. ರಾಜಶೇಖರ ಅವರು ಸಂಪಾದಿಸಿದ 'ಮಲೆಯ ಮಾದೇಶ್ವರ' 1973ರಲ್ಲಿ ಅಚ್ಚಾಯ್ತು. ಹೆಬ್ಬಣಿ ಮಾದಯ್ಯ ಮತ್ತು ತಂಡ ಹಾಡಿದ್ದನ್ನ ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದರ ಇಂಗ್ಲಿಷ್ ಅನುವಾದವನ್ನ ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಮಾಡಿದರು, ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಅದಕ್ಕೂ ಮುಂಚೆ ಇದೆಲ್ಲ ಇದ್ದದ್ದು ಅಕ್ಷರ ಬಾರದ ಜನರ ನೆನಪಲ್ಲಿ, ಗಂಟಲಲ್ಲಿ.

ಎರಡನೇ ಕಥೆ ಸಿದ್ದಪ್ಪಾಜಿಯದು. ಹನೂರು ತಾಲ್ಲೂಕಿನ ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ಗೊತ್ತಿರುತ್ತೆ. ಜನವರಿ ಹುಣ್ಣಿಮೆಗೆ ಶುರುವಾಗಿ ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ ಹೊತ್ತಿಸ್ತಾರೆ. ಪಂಕ್ತಿಸೇವೆ ದಿನ ಬೇರೆ ಬೇರೆ ಜಾತಿಯವರು ಬಿಡಾರ ಹೂಡಿ, ಅಡುಗೆ ಮಾಡಿ, ಸಾಲಾಗಿ ಕೂತು ಉಣ್ತಾರೆ. ಸಿದ್ದಪ್ಪಾಜಿ ಮಂಟೇಸ್ವಾಮಿಯ ಶಿಷ್ಯ. ಹುಟ್ಟಿದಾಗ ಅವನ ಹೆಸರು ಕೆಂಪಾಚಾರಿ, ಕಮ್ಮಾರರ ಮನೆ ಮಗ. ಗುರು ಅವನನ್ನ ಮನೆಯಿಂದ ಬೇರೆ ಮಾಡ್ತಾನೆ, ಕಠಿಣ ಪರೀಕ್ಷೆಗೆ ಒಡ್ಡುತ್ತಾನೆ, ಹೊಸ ಹೆಸರು ಕೊಡ್ತಾನೆ, ಆಮೇಲೆ ಹಲಗೂರಿನ ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆ ತಾ ಅಂತ ಕಳಿಸ್ತಾನೆ. ತನ್ನ ಕುಲದವರೇ ಅವನನ್ನ ಅವಮಾನ ಮಾಡ್ತಾರೆ, ಪವಾಡದ ಮೇಲೆ ಪವಾಡ ಕೇಳ್ತಾರೆ.

ಇದನ್ನ ಹಾಡೋರು ನೀಲಗಾರರು. ತಂಬೂರಿ, ಡಕ್ಕೆ, ಗಗ್ಗರ, ತಾಳ. ಈ ಪರಂಪರೆಯನ್ನ ಹೊತ್ತು ನಡೆಸಿದವರಲ್ಲಿ ದಲಿತ ಸಮುದಾಯದವರ ಪಾಲು ದೊಡ್ಡದು. ಹಗಲೆಲ್ಲ ಇನ್ನೊಬ್ಬರ ಹೊಲದಲ್ಲಿ ದುಡಿದು ಬೈಗುಳ ಕೇಳಿದವನು, ರಾತ್ರಿ ತಂಬೂರಿ ಹಿಡಿದು ಕೂತಾಗ ಇಡೀ ಊರು ಅವನ ಬಾಯಿ ನೋಡ್ಕೊಂಡು ಕೂರುತ್ತೆ. ಮನಸ್ಸಿನ ನೆಮ್ಮದಿ ಬಗ್ಗೆ ಮಾತಾಡುವಾಗ ನಾವು ನಿದ್ದೆ, ಯೋಗ, ಉಸಿರಾಟ ಅಂತೆಲ್ಲ ಹೇಳ್ತೀವಿ. ಮರ್ಯಾದೆ ಅನ್ನೋದನ್ನ ಆ ಪಟ್ಟಿಗೆ ಸೇರಿಸೋದೇ ಇಲ್ಲ. ನೀಲಗಾರನಿಗೆ ಹಾಡು ಕೊಡ್ತಿದ್ದದ್ದು ಮೊದಲು ಅದನ್ನೇ. ಹಾಗಂತ ಬೆಳಗಾದ ಮೇಲೂ ಆ ಮರ್ಯಾದೆ ಉಳೀತಿತ್ತಾ? ಬಹಳ ಸಲ ಇಲ್ಲ. ಹಾಡು ಕೇಳಿದ ಊರು ಜಾತಿಯನ್ನ ಬಿಟ್ಟುಬಿಡಲಿಲ್ಲ. ಇದು ಈ ಲೆಕ್ಕದ ಖರ್ಚಿನ ಕಡೆ ಬರೆಯಬೇಕಾದ ಬಾಬ್ತು.

ಸಾವಿನ ಮನೆಯಲ್ಲೂ ಇದೇ ಹಾಡುಗಾರರು ಬೇಕು. ಹೆಣ ಇಟ್ಟುಕೊಂಡ ರಾತ್ರಿ, ತಿಥಿಯ ರಾತ್ರಿ ತಂಬೂರಿಯವರನ್ನ, ಭಜನೆಯವರನ್ನ ಕರೆಸೋದು ನಮ್ಮ ಕಡೆ ಹಳೇ ರೂಢಿ. ದುಃಖದ ಮನೇನ ರಾತ್ರಿ ಹೊತ್ತು ಒಂಟಿ ಬಿಡಬಾರದು ಅನ್ನೋ ತಿಳುವಳಿಕೆ ಅದು.

ಇನ್ನು ಯಳಂದೂರಿಗೆ ಬರೋಣ. ಹದಿನೇಳನೇ ಶತಮಾನ, ಚಿಕ್ಕದೇವರಾಜ ಒಡೆಯರ ಕಾಲ. ಯಳಂದೂರಿನ ಒಬ್ಬ ಹೆಣ್ಣುಮಗಳು ಮೈಸೂರು ಅರಮನೆಗೆ ಕೆಲಸಕ್ಕೆ ಸೇರ್ತಾಳೆ. ಕೆಲಸ ಏನು? ಎಲೆಅಡಿಕೆ ಸಂಚಿ ಹಿಡಿಯೋದು. ಅವಳೇ ಸಂಚಿ ಹೊನ್ನಮ್ಮ. ಅಲ್ಲಿ ಕಲಿತು, ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಪುಸ್ತಕದ ವಿಷಯ ಪತಿವ್ರತೆ ಹೇಗಿರಬೇಕು ಅನ್ನೋದು. ಇವತ್ತು ಓದಿದ್ರೆ ಬಹಳ ಕಡೆ ಒಪ್ಪೋಕೆ ಕಷ್ಟ. ಆದರೆ ಅದೇ ಪುಸ್ತಕದ ನಡುವೆ, ಹೆಣ್ಣು ಹುಟ್ಟಿತು ಅಂತ ಹೀಗಳೆಯೋರನ್ನ ಅವಳು ನೇರವಾಗಿ ಪ್ರಶ್ನೆ ಮಾಡ್ತಾಳೆ. ಒಪ್ಪಿತ ವಿಷಯದ ಒಳಗೇ ತನ್ನ ಮಾತಿಗೆ ಒಂದು ಜಾಗ ಮಾಡಿಕೊಂಡಳು. ಸಂಚಿ ಹಿಡಿಯೋ ಕೈಗೆ ಬರೆಯೋ ಅವಕಾಶ ಸಿಕ್ಕಿದ್ದು ಅಪರೂಪ. ಅವಳ ಮನಸ್ಸಲ್ಲಿ ಏನಿತ್ತು ಅಂತ ಮುನ್ನೂರು ವರ್ಷ ಆದ ಮೇಲೂ ನಮಗೆ ಸ್ವಲ್ಪ ಗೊತ್ತು ಅಂದ್ರೆ ಅದಕ್ಕೆ ಆ ಅವಕಾಶವೇ ಕಾರಣ.

ಬರೆಯೋದರಿಂದ ಮನಸ್ಸಿಗೆ ಏನಾಗುತ್ತೆ ಅಂತ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ಆಘಾತದ ಬಗ್ಗೆ ಬರೆಯೋಕೆ ಹೇಳಿದರು. ಬರೆದ ತಕ್ಷಣ ಅವರಿಗೆ ಇನ್ನೂ ಬೇಜಾರಾಯ್ತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗೋದು ಕಮ್ಮಿ ಆಯ್ತು. ಮೊದಲು ನೋವು ಹೆಚ್ಚಾಗಿ ಆಮೇಲೆ ಇಳಿಯೋದು. ಸಂಕಮ್ಮನ ಸಾಲು ಕೇಳಿ ಅತ್ತು ಎದ್ದವರಿಗೆ ಇದು ಹೊಸ ವಿಷಯ ಏನಲ್ಲ.

ಅಕ್ಷರ ಇಲ್ಲದ ಹೆಂಗಸರು ಏನು ಮಾಡ್ತಿದ್ದರು? ರಾಗಿ ಬೀಸೋ ಕಲ್ಲಿನ ಮುಂದೆ ಹಾಡ್ತಿದ್ದರು. ಬೆಳಗಿನ ಜಾವ, ಮನೆ ಇನ್ನೂ ಎದ್ದಿಲ್ಲ, ಕಲ್ಲಿನ ಸದ್ದಲ್ಲಿ ಹಾಡಿದ್ದು ಯಾರಿಗೂ ಪೂರ್ತಿ ಕೇಳಲ್ಲ. ತವರಿನ ನೆನಪು, ಅತ್ತೆ ಮನೆ ಕಷ್ಟ, ಎಲ್ಲ ಅಲ್ಲಿ ಹೇಳಬಹುದಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂತು. ಯಾವ ಹೆಂಗಸೂ ಬೀಸೋ ಕಲ್ಲು ವಾಪಸ್ ಬೇಕು ಅನ್ನಲ್ಲ, ಅನ್ನಬಾರದು ಕೂಡ. ಆ ದುಡಿಮೆ ಹೋಗಿದ್ದು ಒಳ್ಳೇದೇ. ಆದರೆ ಅದರ ಜೊತೆಗೆ ಹೇಳಿಕೊಳ್ಳೋ ಆ ಒಂದು ಗಂಟೆನೂ ಹೋಯ್ತು. ಅದರ ಬದಲಿಗೆ ಏನು ಬಂತು ಅಂತ ನಾವು ಕೇಳಲೇ ಇಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಕಥೆ ಬೇರೆ ಥರ. ಅವರ ಹಾಡು-ಕುಣಿತ 'ಗೊರುಕನ'. ಹಬ್ಬದ ರಾತ್ರಿ ಗಂಡಸರು, ಹೆಂಗಸರು ಸುತ್ತುಗಟ್ಟಿ ಕುಣಿಯೋದು. ಹಾಡಿನಲ್ಲಿ ಹಕ್ಕಿ, ಪ್ರಾಣಿ, ಮರ, ಜೇನು ಎಲ್ಲ ಬರ್ತವೆ. 1974ರಲ್ಲಿ ಈ ಕಾಡು ವನ್ಯಜೀವಿ ಧಾಮ ಆಯ್ತು. ಒಳಗಿದ್ದ ಪೋಡುಗಳ ಜನರನ್ನ ರಸ್ತೆ ಪಕ್ಕದ ಕಾಲೊನಿಗಳಿಗೆ ತಂದು ಕೂರಿಸಿದರು. ಬೇಸಾಯ, ಬೇಟೆ ಎರಡೂ ನಿಂತವು. ಹಾಡಿನಲ್ಲಿ ಬರೋ ಜಾಗ ಕಾನೂನಿನ ಪ್ರಕಾರ ಇನ್ನೊಬ್ಬರದು ಆಗಿಬಿಟ್ಟಾಗ ಮನಸ್ಸಿಗೆ ಏನಾಗುತ್ತೆ? ಇದಕ್ಕೆ ಮಾತ್ರೆ ಬರೆದುಕೊಡೋಕೆ ಆಗಲ್ಲ.

1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಆಸ್ಪತ್ರೆ ಬಂತು, ಶಾಲೆ ಬಂತು, ಸೋಲಿಗರ ಸಂಘಟನೆ ಬೆಳೀತು. ಇದರ ಮುಂದಿನ ಒಂದು ಕೆಲಸ ನನಗೆ ಬಹಳ ಮುಖ್ಯ ಅನ್ನಿಸುತ್ತೆ: ನಕ್ಷೆ ಬರೆಯೋದು. ಸೋಲಿಗ ಕುಲಗಳಿಗೆ ಕಾಡಿನಲ್ಲಿ ಒಂದೊಂದು 'ಎಲ್ಲೆ' ಇದೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ, ಹೀಗೆ ಪವಿತ್ರ ಜಾಗಗಳು. ಹಿರಿಯರು ನಡೆದು ತೋರಿಸಿದರು, ಏಟ್ರೀ ಸಂಸ್ಥೆಯ ಸಂಶೋಧಕರು ಜೊತೆಗೆ ಸೇರಿ ಗುರುತು ಹಾಕಿದರು. ನೂರಾರು ಜಾಗಗಳು ನಕ್ಷೆಗೆ ಬಂದವು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆ ಅಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹಾಡಿನಲ್ಲಿದ್ದ ಹೆಸರು ಕಾಗದದ ಮೇಲೂ ಬಂತು. ಸೃಜನಶೀಲ ಕೆಲಸ ಅಂದ್ರೆ ಬಣ್ಣ, ಬ್ರಷ್ಷು ಅಷ್ಟೇ ಅಲ್ಲ. ಕಳೆದುಹೋದ ಜಾಗವನ್ನ ನೆನಪಿನಿಂದ ಬಿಡಿಸಿ ಇಡೋದೂ ಅದೇ ಕೆಲಸ. ಮತ್ತೆ ಇಲ್ಲಿ ನೆಮ್ಮದಿಗೆ ಹಕ್ಕು ಬೇಕಿತ್ತು, ಬರೀ ಹಾಡು ಸಾಲ್ತಿರಲಿಲ್ಲ ಅನ್ನೋದೂ ಅಷ್ಟೇ ನಿಜ.

ಇಲ್ಲಿವರೆಗೆ ಹಾಡಾದ ದುಃಖದ ಬಗ್ಗೆ ಹೇಳಿದೆ. ಈಗ ಹಾಡಾಗದೇ ಉಳಿದದ್ದರ ಬಗ್ಗೆ.

1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ ಮಾಡಿತು. ಆಗಸ್ಟ್ 14ಕ್ಕೆ ಮೀಣ್ಯಂ ಹತ್ರ ಎಸ್‌ಪಿ ಹರಿಕೃಷ್ಣ, ಸಬ್‌ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಹತರಾದರು. 1993ರ ಏಪ್ರಿಲ್ 9ರಂದು ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. 2004ರ ಅಕ್ಟೋಬರ್ 18ರವರೆಗೂ, ಅಂದ್ರೆ ವೀರಪ್ಪನ್ ಸಾಯೋವರೆಗೂ, ಬೆಟ್ಟದ ಸೆರಗಿನ ಹಳ್ಳಿಗಳು ಎರಡು ಭಯದ ನಡುವೆ ಇದ್ದವು. ಒಂದು ಕಡೆ ಅವನ ತಂಡ, ಇನ್ನೊಂದು ಕಡೆ ವಿಚಾರಣೆ. ಗ್ರಾಮಸ್ಥರ ಮೇಲೆ ನಡೆದ ದೌರ್ಜನ್ಯದ ದೂರುಗಳನ್ನ ಪರಿಶೀಲಿಸೋಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ನೇಮಿಸಿತು. 2007ರಲ್ಲಿ ಎರಡೂ ರಾಜ್ಯಗಳ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಅಂತ ಆಯೋಗ ಹೇಳಿತು.

ಇಲ್ಲಿ ನನ್ನ ಬಿಕಾಂ ಬುದ್ಧಿ ಕೆಲಸ ಮಾಡುತ್ತೆ. ಭಾಗಿಸಿದ್ರೆ ತಲೆಗೆ ಸರಾಸರಿ ಮೂರು ಲಕ್ಷಕ್ಕೆ ಸ್ವಲ್ಪ ಹೆಚ್ಚು. ಪರಿಹಾರ ಬೇಕಿತ್ತು, ಸಿಕ್ಕಿದ್ದು ಸರಿ. ಆದರೆ ರಾತ್ರಿ ಬೂಟಿನ ಸದ್ದು ಕೇಳಿದ್ರೆ ಎದ್ದು ಕೂರೋ ತಾಯಿಗೆ, ಅಪ್ಪನ ಹೆಣಕ್ಕೆ ಕಾದ ಪೊಲೀಸನ ಮಗುವಿಗೆ, ಯಾವ ಕಾಲಂ? ಯಾವ ಲೆಕ್ಕದ ಪುಸ್ತಕದಲ್ಲೂ ನಿದ್ದೆಗೆಟ್ಟ ರಾತ್ರಿಗಳಿಗೆ ಕಾಲಂ ಇಲ್ಲ. ಸಂಕಮ್ಮನ ನೋವಿಗೆ ಸಾಲು ಕಟ್ಟಿದ ಸೀಮೆ, ಈ ನೋವಿಗೆ ಸಾಲು ಕಟ್ಟಲಿಲ್ಲ. ಅದರ ಮೇಲೆ ಸಿನಿಮಾ ಬಂತು, ಸರಣಿ ಬಂತು. ಅವುಗಳ ನಾಯಕ ಅವನೇ. ಊರಿನವರ ನಿದ್ದೆ ಅಲ್ಲಿ ಹಿನ್ನೆಲೆ ಅಷ್ಟೇ.

ಆಮೇಲೂ ಸಾಲುಸಾಲು. 2018ರ ಡಿಸೆಂಬರ್ 14, ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಸ್ಥಾನದಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಜನ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ 24 ಜನ ಸತ್ತರು ಅನ್ನೋ ಸುದ್ದಿ ಇಡೀ ರಾಜ್ಯವನ್ನ ನಡುಗಿಸಿತು. ಕೋವಿಡ್ ಕಾಲದ ಸಾವುಗಳಿಗೆ ತಂಬೂರಿ ಇರಲಿಲ್ಲ, ಭಜನೆ ಇರಲಿಲ್ಲ, ಅಕ್ಕಪಕ್ಕದವರು ಬಂದು ಕೂರೋ ಹಾಗೂ ಇರಲಿಲ್ಲ. ಆ ಮನೆಗಳು ಆ ರಾತ್ರಿಗಳನ್ನ ಒಂಟಿಯಾಗಿ ಕಳೆದವು. ಸೀಮೆಗೆ ಗೊತ್ತಿದ್ದ ಒಂದೇ ಔಷಧಿ ಬೇಕಾದ ಹೊತ್ತಲ್ಲೇ ಸಿಗಲಿಲ್ಲ.

ಹಾಗಾದ್ರೆ ಆಸ್ಪತ್ರೆಯ ಕಡೆ ಏನು ನಡೀತಿತ್ತು? ಅದರ ಚರಿತ್ರೆಯನ್ನೂ ಚುರುಕಾಗಿ ನೋಡಿಬಿಡೋಣ. ಬೆಂಗಳೂರಿನಲ್ಲಿ 1847ರ ಸುಮಾರಿಗೆ ಹುಚ್ಚಾಸ್ಪತ್ರೆ ಶುರುವಾಯ್ತು, ಆಗಿನ ಹೆಸರೇ ಅದು. 1925ರಲ್ಲಿ ಅದು ಮಾನಸಿಕ ಆಸ್ಪತ್ರೆ ಆಯ್ತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯ್ತು. ಮೈಸೂರಿನಲ್ಲಿ ವಿಶ್ವವಿದ್ಯಾಲಯ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ತೆರೀತು. ಅದರ ಪ್ರಾಧ್ಯಾಪಕರು ಎಂ.ವಿ. ಗೋಪಾಲಸ್ವಾಮಿ. ಅವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಒಂದು ರೇಡಿಯೊ ಕೇಂದ್ರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮನಸ್ಸನ್ನ ಓದಿದ ಮೇಷ್ಟ್ರಿಗೆ ಮನೆಮನೆಗೆ ದನಿ ಮುಟ್ಟಿಸಬೇಕು ಅನ್ನಿಸಿದ್ದು ಕಾಕತಾಳೀಯ ಅಂತ ನನಗೆ ಅನ್ನಿಸಲ್ಲ. ಮನೆಯಲ್ಲಿ ಮೈಕ್ ಇಟ್ಕೊಂಡು ಮಾತಾಡೋ ನಮ್ಮಂಥವರಿಗೆಲ್ಲ ಅವರು ಹಿರಿಯಣ್ಣ.

ಆದರೆ ಕೊಳ್ಳೇಗಾಲ ಆಗ ಮೈಸೂರಿನದ್ದೂ ಅಲ್ಲ. 1956ರವರೆಗೂ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಯಳಂದೂರು ಮೈಸೂರಿನಲ್ಲಿ, ದಿವಾನ್ ಪೂರ್ಣಯ್ಯನವರ ಜಹಗೀರು. ಹನೂರು ತಾಲ್ಲೂಕು ಆಗಿದ್ದೇ ಮೊನ್ನೆ ಮೊನ್ನೆ. ಗಡಿಯ ಊರಿಗೆ ಯಾವ ರಾಜಧಾನಿಯೂ ಹತ್ತಿರ ಇರಲ್ಲ. ಹಳ್ಳಿಯಲ್ಲೇ ಚಿಕಿತ್ಸೆ ಸಿಗಬೇಕು ಅಂತ ನಿಮ್ಹಾನ್ಸ್ 1975ರಲ್ಲಿ ಬೆಂಗಳೂರು ಪಕ್ಕದ ಸಕಲವಾರದಲ್ಲಿ ಪ್ರಯೋಗ ಶುರು ಮಾಡಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಯ್ತು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬೇರೆ ಬೇರೆ ಕಾಯಿಲೆಗೆ ತಕ್ಕಂತೆ, ಚಿಕಿತ್ಸೆ ಸಿಗದವರ ಪ್ರಮಾಣ ಶೇ 70ರಿಂದ 92 ಅಂತ ಕಂಡಿತು. ಆ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ನಮ್ಮ ಮೂರು ತಾಲ್ಲೂಕು ಅದಕ್ಕಿಂತ ಬಹಳ ಮೇಲಿದೆ ಅಂತ ಅಂದುಕೊಳ್ಳೋಕೆ ನನಗೆ ಕಾರಣ ಕಾಣಲ್ಲ.

ಡಾಕ್ಟರ್ ಇಲ್ಲದ ಕಡೆ ಜನ ದೇವಸ್ಥಾನಕ್ಕೆ ಹೋಗ್ತಾರೆ. ಇದರ ಎರಡು ಮುಖವನ್ನೂ ನೋಡಬೇಕು. ತಮಿಳುನಾಡಿನ ಮುತ್ತುಸ್ವಾಮಿ ಅನ್ನೋ ಒಂದು ದೇವಸ್ಥಾನದಲ್ಲಿ ತಂಗಿದ್ದ 31 ಜನ ತೀವ್ರ ಮಾನಸಿಕ ರೋಗಿಗಳನ್ನ ನಿಮ್ಹಾನ್ಸ್ ಸಂಶೋಧಕರು ಗಮನಿಸಿದರು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದು ಪ್ರಕಟವಾಯ್ತು. ಸರಾಸರಿ ಆರು ವಾರ ಅಲ್ಲಿದ್ದವರ ಲಕ್ಷಣಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಕಾರಣ ಅಂತ ಅವರು ಸೂಚಿಸಿದ್ದು ಯಾವ ಪವಾಡವನ್ನೂ ಅಲ್ಲ. ಹೆದರಿಸದ, ಬೈಯದ, ಜೊತೆಗಿರುವ ವಾತಾವರಣ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಶೆಡ್ಡಿಗೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ರೋಗಿಗಳು ಸತ್ತರು. ಅದೂ ಒಂದು ದರ್ಗಾದ ನೆರಳು, ಅಲ್ಲಿಗೂ ಮನೆಯವರು ನಂಬಿಕೊಂಡೇ ಕಳಿಸಿದ್ದರು. ಹಾಗಾಗಿ ನಂಬಿಕೆಯ ಜಾಗ ಒಳ್ಳೇದಾ ಕೆಟ್ಟದ್ದಾ ಅಂತ ಕೇಳೋದಕ್ಕಿಂತ, ಅಲ್ಲಿ ಮನುಷ್ಯನನ್ನ ಹೇಗೆ ನೋಡ್ಕೊಳ್ತಾರೆ ಅಂತ ಕೇಳೋದು ಸರಿ.

ಕಲೆಯ ವಿಷಯಕ್ಕೂ ಇದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನ ಒಟ್ಟುಮಾಡಿ, ಹಾಡು, ಕುಣಿತ, ಬರವಣಿಗೆ, ಕೈಕಸುಬು ಇವೆಲ್ಲ ಆರೋಗ್ಯಕ್ಕೆ ನೆರವಾಗ್ತವೆ ಅಂತ ವರದಿ ಕೊಟ್ಟಿತು. ನೆರವಾಗ್ತವೆ. ಜಾಗ ತುಂಬಲ್ಲ. ಮಾತ್ರೆ ಬೇಕಾದವರಿಗೆ ಮಾತ್ರೆಯೇ ಬೇಕು. ಕಿವಿಯಲ್ಲಿ ದನಿ ಕೇಳೋದು, ವಾರಗಟ್ಟಲೆ ನಿದ್ದೆ ಬರದಿರೋದು, ಸಾಯಬೇಕು ಅನ್ನಿಸೋದು, ಇವಕ್ಕೆ 'ಗಾಳಿ ಸೋಕಿದೆ' ಅಂತ ಕಾಯೋದು ಬೇಡ, 'ಕಂಸಾಳೆ ಕಲಿ' ಅನ್ನೋದೂ ಬೇಡ. ಸಂಕಮ್ಮನ ಸಾಲಿನಲ್ಲೂ ಒಂದು ಕೊರತೆ ಇದೆ, ಗಮನಿಸಿ. ಅವಳನ್ನ ಬಿಡಿಸೋಕೆ ದೇವರೇ ಬರಬೇಕಾಯ್ತು. ಪಕ್ಕದ ಮನೆಯವರು ಯಾರೂ ಬರಲಿಲ್ಲ. ಹಾಡು ಅವಳ ನೋವನ್ನ ಹೇಳಿತು. ಬಾಗಿಲು ತೆಗೆಯೋ ಕೆಲಸ ಕೇಳಿದವರಿಗೆ ಬಿಟ್ಟಿದ್ದು.

ಈಗ ಈ ಹಾಡು ಎಲ್ಲಿದೆ? ವೇದಿಕೆ ಮೇಲಿದೆ. ಬೀಸು ಕಂಸಾಳೆ ಅಂತ ಐದು ನಿಮಿಷದ ಕುಣಿತ, ಮೈಸೂರು ದಸರಾ ಮೆರವಣಿಗೆಯಲ್ಲಿ, ಕಾಲೇಜು ಯುವಜನೋತ್ಸವದಲ್ಲಿ. 'ಜನುಮದ ಜೋಡಿ' ಥರದ ಸಿನಿಮಾಗಳು ಈ ಪರಂಪರೆಯ ಹಾಡನ್ನ ರಾಜ್ಯಕ್ಕೆಲ್ಲ ಮುಟ್ಟಿಸಿದವು. ಅದನ್ನ ನಾನು ಕೀಳು ಮಾಡಲ್ಲ, ಹುಡುಗರ ಮೈಗೆ ಅದೂ ಒಳ್ಳೇದೇ. ಆದರೆ ಐದು ನಿಮಿಷದಲ್ಲಿ ಸಂಕಮ್ಮ ಬರಲ್ಲ. ನಿಧಾನವಾಗಿ ಕೂತು, ಅತ್ತು, ನಡುರಾತ್ರಿ ಕಾಫಿ ಕುಡಿದು, ಬೆಳಗಿನ ಜಾವ ಬಿಡುಗಡೆ ಕೇಳೋ ಸಮಯ ಐದು ನಿಮಿಷದ ಲೆಕ್ಕಕ್ಕೆ ಸಿಗಲ್ಲ. ಇಡೀ ರಾತ್ರಿ ಹಾಡೋರಿಗೆ ಈಗ ಕರೆ ಕಮ್ಮಿ. ಕರೆ ಕಮ್ಮಿ ಆದ್ರೆ ಮಗ ಕಲಿಯಲ್ಲ, ಬೆಂಗಳೂರಿಗೋ ತಿರುಪ್ಪೂರಿಗೋ ಕೆಲಸಕ್ಕೆ ಹೋಗ್ತಾನೆ. ಅಲ್ಲಿ ಅವನಿಗೆ ಮನ್ಸು ಸರಿಯಿಲ್ಲ ಅನ್ನಿಸಿದಾಗ 'ಹ್ಞೂಂ, ಆಮೇಲೆ?' ಅನ್ನೋರು ಯಾರೂ ಇರಲ್ಲ.

ನಾನು ದೊಡ್ಡ ಯೋಜನೆ ಏನೂ ಹೇಳಲ್ಲ. ಮೂರು ಸಣ್ಣ ಕೆಲಸ ಹೇಳ್ತೀನಿ. ಒಂದು, ಮನೇಲಿ ತಿಥಿ ಮಾಡುವಾಗ ಶಾಮಿಯಾನಕ್ಕೆ, ಊಟಕ್ಕೆ ಲೆಕ್ಕ ಹಾಕ್ತೀವಲ್ಲ, ಅದರಲ್ಲಿ ಒಂದು ರಾತ್ರಿಯ ಹಾಡಿಗೂ ದುಡ್ಡು ಎತ್ತಿಡಿ, ಕಲಾವಿದರಿಗೆ ಮರ್ಯಾದೆಯ ಸಂಭಾವನೆ ಕೊಡಿ. ಎರಡು, ಅಜ್ಜಿಗೆ ಗೊತ್ತಿರೋ ಪದಗಳನ್ನ ಫೋನಿನಲ್ಲಿ ರೆಕಾರ್ಡ್ ಮಾಡಿ. ರೀಲ್ಸಿಗೆ ಹಾಕೋಕೆ ಅಂತ ಬೇಡ, ಅವರ ಮಾತು ಕೇಳೋ ನೆಪಕ್ಕೆ. ಹಾಡು ನಿಂತ ಮೇಲೆ ಅವರು ಹೇಳೋದು ಹಾಡಿಗಿಂತ ಮುಖ್ಯ ಇರಬಹುದು. ಮೂರು, ಶಾಲೆ ಮೇಷ್ಟ್ರುಗಳಿಗೆ, ಆಶಾ ಅಕ್ಕಂದಿರಿಗೆ, ದೇವರಗುಡ್ಡರಿಗೆ, ನೀಲಗಾರರಿಗೆ, ಯಾವ ಲಕ್ಷಣ ಕಂಡರೆ ಆಸ್ಪತ್ರೆಗೆ ಕಳಿಸಬೇಕು ಅನ್ನೋದನ್ನ ಕಲಿಸಿ. ಜನ ಮೊದಲು ಹೇಳಿಕೊಳ್ಳೋದು ಇಂಥವರ ಹತ್ರವೇ.

ಮತ್ತೆ ಈಗಲೇ, ಇದನ್ನ ಓದ್ತಿರುವಾಗಲೇ, ಎದೆ ಭಾರ ಅನ್ನಿಸ್ತಿದ್ರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಿಂದ ನಡೀತಿರೋ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತಗೊಳ್ತಿದ್ರೆ ಡಾಕ್ಟರನ್ನ ಕೇಳದೆ ನಿಲ್ಲಿಸಬೇಡಿ.

ಚಿಕ್ಕಲ್ಲೂರು ಜಾತ್ರೆ ಜನವರಿ ಹುಣ್ಣಿಮೆಗೆ. ಮಾದಪ್ಪನ ಬೆಟ್ಟದಲ್ಲಿ ದೀಪಾವಳಿ, ಶಿವರಾತ್ರಿ, ಯುಗಾದಿ ಜಾತ್ರೆಗಳು. ಈ ಸಲ ಹೋದಾಗ ದರ್ಶನ ಮುಗಿಸಿ ಬಸ್ ಹತ್ತಿಬಿಡಬೇಡಿ. ಎಲ್ಲಾದ್ರೂ ಮರದ ಕೆಳಗೆ ಹಾಡು ನಡೀತಿದ್ರೆ ಹೋಗಿ ಕೂತ್ಕೊಳ್ಳಿ. ಸಂಕಮ್ಮನ ಸಾಲು ಹಾಡಿ ಅಂತ ಕೇಳಿ. ನಿಮ್ಮ ಪಕ್ಕ ಕೂತವರು ಯಾರಾದ್ರೂ ಕಣ್ಣು ಒರೆಸಿಕೊಂಡ್ರೆ ಸ್ವಲ್ಪ ಜಾಗ ಮಾಡಿಕೊಡಿ, ಹಾಡು ಮುಗಿದ ಮೇಲೆ ಊಟ ಆಯ್ತಾ ಅಂತ ಕೇಳಿ.